ಸೈಕಲ್ ಪ್ರವಾಸಕ್ಕೆ ಉಳಿದಿರುವ ದಾರಿ



ಫ್ರಾನ್ಸ್ ದೇಶವನ್ನೂ ಸೈಕಲ್ಲನ್ನೂ ಒಟ್ಟಿಗೆ ನೆನೆದರೆ ಹೆಚ್ಚಿನವರಿಗೆ ಹೊಳೆಯುವುದು 1903ರಲ್ಲಿ ಆರಂಭವಾದ ‘ಟೂರ್ ದ ಫ್ರಾನ್ಸ್’ ಪಂದ್ಯ. ಆದರೆ ಪಂದ್ಯದ ಗದ್ದಲದಿಂದ ದೂರವಾಗಿ ಅಲ್ಲಿ ಇನ್ನೊಂದು ಸಂಪ್ರದಾಯವೂ ಬೆಳೆಯಿತು. ಸಣ್ಣ ರಸ್ತೆಗಳಲ್ಲಿ ಹಳ್ಳಿಯಿಂದ ಹಳ್ಳಿಗೆ ನಾಡು ನೋಡುತ್ತ ಸಾಗುವ ಸೈಕಲ್ ಪ್ರವಾಸ ಅದು. ಅದಕ್ಕೆ ತಳಹದಿ ಹಾಕಿದವರಲ್ಲಿ ಸೇಂತ್ ಎತಿಯೆನ್ ಪಟ್ಟಣದ ಪಾಲ್ ದ ವಿವಿ ಪ್ರಮುಖ. ‘ವೆಲೋಸಿಯೊ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಈತ 1930ರಲ್ಲಿ ತೀರಿಕೊಳ್ಳುವವರೆಗೂ ದೂರದ ಸವಾರಿಯ ಪರವಾಗಿ, ಗೇರು ಬದಲಿಸಬಲ್ಲ ಸೈಕಲ್ಲಿನ ಪರವಾಗಿ ವಾದಿಸಿದ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಗೇರಿಗೆ ಪಂದ್ಯದ ಸಂಘಟಕರು ಒಪ್ಪಿಗೆ ಕೊಟ್ಟದ್ದು 1937ರಲ್ಲಿ. ಬೆಟ್ಟದ ದಾರಿ ಹಿಡಿದ ಪ್ರವಾಸಿಗರು ಅದನ್ನು ಅಷ್ಟರಲ್ಲಾಗಲೇ ಬಳಸಿ ಪಳಗಿದ್ದರು.

ಈ ಸಂಪ್ರದಾಯದ ಒಂದು ಕವಲು ಬೆಂಗಳೂರಿಗೂ ಚಾಚಿದೆ. ಪ್ಯಾರಿಸ್‌ನಿಂದ ಅಟ್ಲಾಂಟಿಕ್ ತೀರದ ಬ್ರೆಸ್ಟ್ ಬಂದರಿಗೆ ಹೋಗಿ ಮರಳುವ ಸುಮಾರು 1,200 ಕಿ.ಮೀ. ಸವಾರಿ 1891ರಲ್ಲಿ ಪಂದ್ಯವಾಗಿ ಶುರುವಾಯಿತು. ಇಂದು ಅದು ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಯಾತ್ರೆ. ಹೆಚ್ಚೆಂದರೆ 90 ಗಂಟೆಗಳಲ್ಲಿ ಮುಗಿಸಬೇಕು. ಮೊದಲನೆಯವರು, ಕೊನೆಯವರು ಎಂಬ ಭೇದವಿಲ್ಲ. ಅಲ್ಲಿಗೆ ಹೋಗಬಯಸುವವರು ಮೊದಲು 200, 300, 400 ಮತ್ತು 600 ಕಿ.ಮೀ.ಗಳ ‘ಬ್ರೆವೆ’ ಸವಾರಿಗಳನ್ನು ಕ್ರಮವಾಗಿ ಹದಿಮೂರೂವರೆ, 20, 27 ಮತ್ತು 40 ಗಂಟೆಗಳೊಳಗೆ ಪೂರೈಸಿರಬೇಕು. ಬೆಂಗಳೂರಿನಲ್ಲೂ ಇಂಥ ಸವಾರಿಗಳು ನಡೆಯುತ್ತವೆ. 2008ರ ಡಿಸೆಂಬರಿನಲ್ಲಿ ಆರಂಭವಾದ ‘ಟೂರ್ ಆಫ್ ನೀಲಗಿರೀಸ್’ ಕೂಡ ಬೆಂಗಳೂರಿನ ಸೈಕಲ್ ಪ್ರಿಯರು ಕಟ್ಟಿದ ಪ್ರವಾಸ.

ಸವಾರರೇನೋ ಇದ್ದಾರೆ. ದಾರಿ ಎಲ್ಲಿದೆ? ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಬೆನ್ನ ಹಿಂದೆ ಇದೆ. ಅದು ಅಲ್ಲಿ ಏಕಿದೆ ಎಂಬುದನ್ನು ತಿಳಿಯಲು ನೆಲದ ಇಳಿಜಾರನ್ನು ಗಮನಿಸಬೇಕು.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿದೆ. ದಿಣ್ಣೆಯ ಪಶ್ಚಿಮಕ್ಕೆ ಬಿದ್ದ ಮಳೆನೀರು ಅರ್ಕಾವತಿಯ ಕಡೆಗೂ ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಯ ಕಡೆಗೂ ಹರಿಯುತ್ತದೆ. ಹರಿಯುವ ನೀರನ್ನು ಹಿಡಿದಿಡಲು ಹಿಂದಿನವರು ಒಂದರ ಕೆಳಗೊಂದರಂತೆ ಕೆರೆ ಕಟ್ಟಿದರು. ಕೆರೆಯ ಏರಿಯ ಮೇಲೆ ಎತ್ತಿನಗಾಡಿಯ ಜಾಡು ಬಿತ್ತು. ಎಷ್ಟೋ ಕಡೆ ಆ ಜಾಡೇ ಮುಂದೆ ಡಾಂಬರು ರಸ್ತೆಯಾಯಿತು. ಎತ್ತುಗಳಿಗೆ ಭಾರವಾಗದ ಏರು ಸೈಕಲ್ಲು ತುಳಿಯುವ ಕಾಲಿಗೂ ಭಾರವಾಗದು.

ಪೀಣ್ಯದ ಕಡೆಯಿಂದ ಚಿಕ್ಕಬಾಣಾವರ, ಸೋಲದೇವನಹಳ್ಳಿ ದಾಟಿ ಹೋದರೆ ಹೆಸರಘಟ್ಟ ಕೆರೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಬೆಂಗಳೂರಿಗೆ ಕುಡಿಯುವ ನೀರು ಒದಗಿಸಲು ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ಕೆರೆ ಇದು. ಇಟ್ಟಿಗೆ ಕಾಲುವೆಯಲ್ಲಿ ಬಂದ ನೀರನ್ನು ಸೋಲದೇವನಹಳ್ಳಿಯಿಂದ ಉಗಿಯಂತ್ರ ನಗರಕ್ಕೆ ಏರಿಸುತ್ತಿತ್ತು. ಹೆಸರಘಟ್ಟದಿಂದ ರಾಜಾನುಕುಂಟೆ, ದೊಡ್ಡಬಳ್ಳಾಪುರದ ಮೂಲಕ 1,478 ಮೀಟರ್ ಎತ್ತರದ ನಂದಿಬೆಟ್ಟದ ಬುಡಕ್ಕೆ ಹೋಗಬಹುದು. ಬುಡದಲ್ಲಿರುವ ಭೋಗನಂದೀಶ್ವರ ದೇವಾಲಯದ ಕಲ್ಲಿನ ಕೆಲಸ ನೋಡಲು ಇಳಿಯದೆ ಬೆಟ್ಟ ಹತ್ತಿ ಬಂದವರು ಅರ್ಧ ಪ್ರವಾಸ ಮಾಡಿದಂತೆ.

ವೈಟ್‌ಫೀಲ್ಡ್ ಹುಟ್ಟಿದ್ದೇ ಹಳ್ಳಿಯಾಗಿ. 1882ರಲ್ಲಿ ಹತ್ತನೆಯ ಚಾಮರಾಜ ಒಡೆಯರು ಕೊಟ್ಟ ಭೂಮಿಯಲ್ಲಿ ಆಂಗ್ಲೋ ಇಂಡಿಯನ್ನರು ಬೇಸಾಯ ಮಾಡಿ ಬದುಕಲೆಂದು ಡಿ.ಎಸ್. ವೈಟ್ ಈ ಊರನ್ನು ಕಟ್ಟಿಸಿದ. ಅಲ್ಲಿಂದ ವರ್ತೂರು, ಗುಂಜೂರು, ದೊಮ್ಮಸಂದ್ರ, ಸರ್ಜಾಪುರ ಹಾದು ಮಾಲೂರು ತಾಲ್ಲೂಕಿನ ಚಿಕ್ಕತಿರುಪತಿಗೆ ಹೋಗುವುದು ಪೂರ್ವದ ದಾರಿ. ನೆಲ ತೆಳುವಾಗಿ ಏರಿಳಿಯುತ್ತದೆ. ರಾಗಿ ಹೊಲ, ನೀಲಗಿರಿ ತೋಪು, ನಡುನಡುವೆ ಬಡಾವಣೆಯ ಹೊಸ ಕಲ್ಲುಕಂಬ. ಇದೇ ದಾರಿಯಲ್ಲಿರುವ ವರ್ತೂರು ಕೆರೆಯ ನೊರೆ 2015ರಲ್ಲಿ ಗಾಳಿಗೆ ಹಾರಿ ರಸ್ತೆಗೇ ಬಂದು ಬಿದ್ದಿತ್ತು. ನಗರ ತಾನು ಬಳಸಿ ಬಿಟ್ಟ ನೀರನ್ನು ಏನು ಮಾಡುತ್ತದೆ ಎಂಬುದೂ ಪ್ರವಾಸಿ ನೋಡಬೇಕಾದ ಸಂಗತಿಯೇ.

ದಕ್ಷಿಣದ ಎಲೆಕ್ಟ್ರಾನಿಕ್ ಸಿಟಿಯನ್ನು 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯ ಆರ್.ಕೆ. ಬಾಳಿಗ ಅವರ ಕನಸಿನಂತೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಹೊಲದಲ್ಲಿ ಕಟ್ಟಲಾಯಿತು. ಅಲ್ಲಿಗೆ ಸಮೀಪದ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ, ಸುಮಾರು ಕ್ರಿ.ಶ. 900ರ ವೀರಗಲ್ಲಿನ ಶಾಸನದಲ್ಲಿ, ‘ಬೆಂಗಳೂರು’ ಎಂಬ ಹೆಸರಿದೆ. ಕೆಂಪೇಗೌಡರ ಕೋಟೆಗಿಂತ ಆರು ಶತಮಾನ ಹಳೆಯದಾದ ಆ ಹೆಸರನ್ನು ನೋಡಿಕೊಂಡು, ಚಂದಾಪುರ, ಆನೇಕಲ್ ದಾಟಿ ಮುತ್ಯಾಲ ಮಡುವಿನ ಕಣಿವೆ ತಲುಪಲು ಸೈಕಲ್ಲಿಗೆ ಒಂದು ಬೆಳಗು ಸಾಕು.

ಈ ರಸ್ತೆಗಳಲ್ಲಿ ಸೈಕಲ್ಲು ಹೊಸದೇನಲ್ಲ. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಆರಂಭವಾದ ಕಾಲದಿಂದ ಕಾರ್ಖಾನೆಯ ಪಾಳಿಗೆ ಕಾರ್ಮಿಕರು ಬಂದದ್ದು ಸೈಕಲ್ಲಿನಲ್ಲೇ. 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ತೊಡಗಿದಾಗ ಹಳ್ಳಿಯ ಹೆಣ್ಣುಮಕ್ಕಳೂ ಇಲ್ಲಿಗೆ ಇಳಿದರು. ಪೀಣ್ಯದ ವರ್ಕ್‌ಶಾಪಿನಲ್ಲಿ ರಾತ್ರಿಪಾಳಿ ಮುಗಿಸಿ ಬುತ್ತಿಯ ಡಬ್ಬಿ ತೂಗುಹಾಕಿಕೊಂಡು ಮನೆಗೆ ಮರಳುವವನಿಗೆ ಶನಿವಾರ ಮುಂಜಾನೆ ಹೆಲ್ಮೆಟ್ ತೊಟ್ಟ ಸಾಫ್ಟ್‌ವೇರ್ ಉದ್ಯೋಗಿ ಎದುರಾಗುತ್ತಾನೆ. ಒಬ್ಬನ ಸೈಕಲ್ಲಿನ ಬೆಲೆಗೆ ಇನ್ನೊಬ್ಬನಂಥವು ಹತ್ತು ಬಂದಾವು. ಆದರೆ ಲಾರಿ ಬಂದಾಗ ಇಬ್ಬರಿಗೂ ಬೇಕಾಗುವುದು ರಸ್ತೆಯ ಅಂಚಿನ ಅದೇ ಮೂರಡಿ ಜಾಗ.

ಆ ಜಾಗ ಈಗ ಕರಗುತ್ತಿದೆ. ಮೆಟ್ರೊ 2014ರಲ್ಲಿ ಪೀಣ್ಯವನ್ನೂ 2023ರಲ್ಲಿ ವೈಟ್‌ಫೀಲ್ಡನ್ನೂ 2025ರಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನೂ ಮುಟ್ಟಿತು. ನಗರದ ಅಂಚು ಇನ್ನಷ್ಟು ಆಚೆಗೆ ಸರಿಯಿತು. ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ಹೊಸಕೋಟೆಗಳನ್ನು ಕೂಡಿಸುವ ಉಪನಗರ ವರ್ತುಲ ರಸ್ತೆ ಹಳ್ಳಿದಾರಿಗಳನ್ನು ಅಡ್ಡಲಾಗಿ ಸೀಳಿದೆ. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ ಬೈಕು, ಆಟೊ, ಟ್ರ್ಯಾಕ್ಟರ್‌ಗಳಂತೆ ಸೈಕಲ್ಲಿಗೂ ಪ್ರವೇಶವಿಲ್ಲ.

ಈ ನಿಷೇಧವನ್ನು ಕೇಳಿ ಸೈಕಲ್ ಸವಾರರು ಸಿಟ್ಟಾಗುವುದು ಸಹಜ. ಆದರೆ ಫ್ರಾನ್ಸಿನ ಮಹಾಹೆದ್ದಾರಿಗಳಲ್ಲೂ ಸೈಕಲ್ಲಿಗೆ ಪ್ರವೇಶವಿಲ್ಲ. ಅಲ್ಲಿನ ಪ್ರವಾಸಿಗೆ ಅದರಿಂದ ನಷ್ಟವೂ ಇಲ್ಲ. ಸುಮಾರು 11,000 ಕಿ.ಮೀ. ಮಹಾಹೆದ್ದಾರಿಯ ಜೊತೆಗೆ ಮೂರೂವರೆ ಲಕ್ಷ ಕಿ.ಮೀ.ಗೂ ಮಿಕ್ಕಿದ ಜಿಲ್ಲಾ ರಸ್ತೆಗಳನ್ನು ಆ ದೇಶ ಸುಸ್ಥಿತಿಯಲ್ಲಿ ಇಟ್ಟುಕೊಂಡಿದೆ. ವೇಗದ ವಾಹನಗಳು ಹೆದ್ದಾರಿಗೆ ಹೋದ ಮೇಲೆ ಸಣ್ಣ ರಸ್ತೆ ಶಾಂತವಾಗುತ್ತದೆ. ಬರ್ಗಂಡಿ ಪ್ರಾಂತದಲ್ಲಿ ರೈಲು ನಿಂತುಹೋದ ಹಳೆಯ ಮಾರ್ಗವನ್ನೇ 1997ರಲ್ಲಿ ಸೈಕಲ್ ದಾರಿ ಮಾಡಿದರು. ಲುವಾರ್ ನದಿಯ ಉದ್ದಕ್ಕೂ ಸುಮಾರು 900 ಕಿ.ಮೀ. ಸೈಕಲ್ ಮಾರ್ಗಕ್ಕೆ ಫಲಕ ನೆಟ್ಟರು. ದಾರಿಯ ಊರುಗಳ ವಸತಿಗೃಹ, ಅಂಗಡಿಗಳಿಗೆ ಅದರಿಂದ ಗಿರಾಕಿ ಸಿಕ್ಕಿತು.

ಹೆದ್ದಾರಿ ಕಟ್ಟುವಾಗ ಹಳ್ಳಿದಾರಿಯ ಲೆಕ್ಕ ಇಡದಿದ್ದದ್ದೇ ನಮ್ಮಲ್ಲಿನ ಕೊರತೆ. ಹೊಸ ರಸ್ತೆ ಹಳೆಯದನ್ನು ದಾಟುವಲ್ಲಿ ಕೆಳಸೇತುವೆ, ಏರಿಯ ರಸ್ತೆಯನ್ನು ಅಗಲಿಸದೆ ಅದರ ಮರಗಳನ್ನು ಉಳಿಸುವುದು, ಕವಲಿನಲ್ಲಿ ಮುಂದಿನ ಹಳ್ಳಿಯ ಹೆಸರು ಬರೆದ ಕನ್ನಡ ಫಲಕ: ಇವಕ್ಕೆ ದೊಡ್ಡ ಯೋಜನೆಯ ಹಣ ಬೇಡ. ಇದರಿಂದ ಮೊದಲು ಉಪಕಾರವಾಗುವುದು ಶಾಲೆಯ ಹುಡುಗಿಗೆ, ಪಾಳಿಯ ಕಾರ್ಮಿಕನಿಗೆ, ಸೊಪ್ಪು ಮಾರಲು ಹೊರಟ ರೈತನಿಗೆ. ಅವರು ನಿರ್ಭಯವಾಗಿ ಓಡಾಡುವ ರಸ್ತೆಯಲ್ಲಿ ಪ್ರವಾಸಿಯೂ ನಿರ್ಭಯವಾಗಿ ಹೋಗಬಲ್ಲ. ಅವರಿಗಿಲ್ಲದ ರಸ್ತೆ ಎಷ್ಟು ನುಣುಪಾಗಿದ್ದರೂ ಸೈಕಲ್ಲಿನದಲ್ಲ.