ತರುಣರ ಅಪರಾಧ ನಿವಾರಣೆಯಲ್ಲಿ ಠಾಣೆಯೂ ಊರೂ



ಉರಿಲಿಂಗಪೆದ್ದಿಗಳ ಕಥೆಯು ಶರಣಚರಿತ್ರೆಯನ್ನು ಬಲ್ಲವರಿಗೆಲ್ಲ ಪರಿಚಿತವಾದುದು. ಕಳವಿಗೆಂದು ಒಂದು ಮನೆಗೆ ಬಂದ ಪೆದ್ದಣ್ಣನು ಅಲ್ಲಿ ಉರಿಲಿಂಗದೇವರು ದೀಕ್ಷೆ ಕೊಡುತ್ತಿದ್ದುದನ್ನು ಮರೆಯಿಂದ ಕಂಡು, ಕಳ್ಳತನವನ್ನು ತೊರೆದು, ಗುರುವಿನ ಬಾಗಿಲಿಗೆ ದಿನವೂ ಸೌದೆಯ ಹೊರೆಯನ್ನು ಹೊತ್ತು ತಂದನೆಂದೂ, ಮುಂದೆ ಆ ಮಠಕ್ಕೇ ಅಧಿಕಾರಿಯಾದನೆಂದೂ ಪರಂಪರೆಯು ಹೇಳುತ್ತದೆ. ಮನಸ್ಸು ತಿರುಗಿದುದು ಒಂದು ಕ್ಷಣದಲ್ಲಿ. ಆದರೆ ತಿರುಗಿದ ಮನಸ್ಸು ನೆಲೆಗೊಳ್ಳಬೇಕಾದರೆ ಹೋಗುವುದಕ್ಕೊಂದು ಬಾಗಿಲು, ಮಾಡುವುದಕ್ಕೊಂದು ಕಾಯಕ, ವಿಚಾರಿಸುವುದಕ್ಕೊಬ್ಬ ಹಿರಿಯ, ಈ ಮೂರೂ ಬೇಕಾದುವು. ತರುಣರ ಅಪರಾಧವನ್ನು ತಡೆಯುವ ವಿಚಾರವೆಲ್ಲ ಈ ಮೂರರಲ್ಲಿ ಅಡಗಿದೆಯೆಂದರೆ ಅತಿಶಯೋಕ್ತಿಯಾಗದು.

ಅಪರಾಧವನ್ನು ತಡೆಯುವುದು ಪೋಲೀಸರ ಕೆಲಸವೆಂದು ಜನರು ಸಾಮಾನ್ಯವಾಗಿ ಭಾವಿಸುವುದುಂಟು. ಇದು ಅರ್ಧ ಸತ್ಯ ಮಾತ್ರ. ಪೋಲೀಸಿನವನಿಗೆ ಕೃತ್ಯವು ತಿಳಿಯುತ್ತದೆ, ಹುಡುಗನು ತಿಳಿಯುವುದಿಲ್ಲ. ಸೈಕಲ್ಲೊಂದು ಕಾಣೆಯಾದ ದಿನ ಆತನು ಬರುತ್ತಾನೆ. ಅದಕ್ಕೆ ಆರು ತಿಂಗಳ ಹಿಂದೆಯೇ ಶಾಲೆಯನ್ನು ಬಿಟ್ಟವನು ಯಾರು, ತಂದೆಯ ಕುಡಿತಕ್ಕೆ ಹೆದರಿ ರಾತ್ರಿ ಮನೆಯ ಹೊರಗೆ ಕಳೆಯುತ್ತಿದ್ದವನು ಯಾರು, ಹಿರಿಯ ಪೋಕರಿಗಳ ಜೊತೆ ಸೇರಿದವನು ಯಾರು ಎಂಬುದು ಉಪಾಧ್ಯಾಯರಿಗೆ, ಅಂಗನವಾಡಿಯ ಕಾರ್ಯಕರ್ತೆಗೆ, ಗರಡಿಯ ಉಸ್ತಾದನಿಗೆ, ಯುವಕ ಸಂಘದವರಿಗೆ ತಿಳಿದಿರುತ್ತದೆ. ಇವರ ತಿಳಿವು ಠಾಣೆಗೆ ತಲುಪುವುದಿಲ್ಲ. ಠಾಣೆಯ ಬಲವು ಇವರಿಗೆ ಒದಗುವುದಿಲ್ಲ. ಈ ಎರಡರ ನಡುವಣ ಬಿರುಕಿನಲ್ಲಿಯೇ ಹುಡುಗನು ಜಾರಿ ಬೀಳುತ್ತಾನೆ.

ಕಾನೂನು ಈ ಬಿರುಕನ್ನು ಕಾಣದೆ ಇಲ್ಲ. ತಪ್ಪು ಮಾಡಿದ ಮಕ್ಕಳನ್ನು ಸೆರೆಮನೆಗೆ ನೂಕುವ ಬದಲು ಕಸಬು ಕಲಿಯಲು ಇರಿಸಬಹುದೆಂದು 1850ರಷ್ಟು ಹಿಂದೆಯೇ ಈ ದೇಶದಲ್ಲಿ ಶಾಸನವಾಯಿತು. 1920ರಲ್ಲಿ ಮದರಾಸು, 1924ರಲ್ಲಿ ಮುಂಬಯಿ, 1964ರಲ್ಲಿ ಮೈಸೂರು ರಾಜ್ಯ ಮಕ್ಕಳಿಗಾಗಿ ಪ್ರತ್ಯೇಕ ಶಾಸನಗಳನ್ನು ಮಾಡಿದುವು. ಈಗ ಜಾರಿಯಲ್ಲಿರುವುದು 2015ರ ಬಾಲನ್ಯಾಯ ಶಾಸನ. ಇದರ ಪ್ರಕಾರ ಪ್ರತಿಯೊಂದು ಠಾಣೆಯಲ್ಲಿಯೂ ಸಹಾಯಕ ಸಬ್ ಇನ್ಸ್‌ಪೆಕ್ಟರಿಗೆ ಕಡಿಮೆಯಲ್ಲದ ದರ್ಜೆಯ ಒಬ್ಬ ಮಕ್ಕಳ ಕಲ್ಯಾಣ ಪೋಲೀಸ್ ಅಧಿಕಾರಿ ಇರತಕ್ಕದ್ದು. ಜಿಲ್ಲೆಗೊಂದು ವಿಶೇಷ ಬಾಲ ಪೋಲೀಸ್ ಘಟಕವಿರತಕ್ಕದ್ದು. ಅದರಲ್ಲಿ ಪೋಲೀಸರೊಡನೆ ಇಬ್ಬರು ಸಮಾಜಸೇವಕರು, ಅವರಲ್ಲೊಬ್ಬರು ಸ್ತ್ರೀ, ಸದಸ್ಯರಾಗಿರತಕ್ಕದ್ದು. ಬಾಲನ್ಯಾಯ ಮಂಡಲಿಯಲ್ಲಿಯೂ ಮ್ಯಾಜಿಸ್ಟ್ರೇಟರ ಪಕ್ಕದಲ್ಲಿ ಇಬ್ಬರು ಸಮಾಜಸೇವಕರಿಗೆ ಪೀಠವುಂಟು. ಪೋಲೀಸರೂ ಸೇವಕರೂ ಜೊತೆಗೂಡುವುದು ಯಾರದೋ ಔದಾರ್ಯದ ಮಾತಲ್ಲ. ಅದು ರಾಜ್ಯದ ಆಜ್ಞೆ.

ಹದಿನೆಂಟು ತುಂಬದವನನ್ನು ಠಾಣೆಯ ಲಾಕಪ್ಪಿನಲ್ಲಾಗಲಿ ಸೆರೆಮನೆಯಲ್ಲಾಗಲಿ ಇಡಕೂಡದು, ಬೇಡಿ ತೊಡಿಸಕೂಡದು, ಪ್ರಯಾಣದ ವೇಳೆಯನ್ನು ಬಿಟ್ಟು ಇಪ್ಪತ್ತನಾಲ್ಕು ಗಂಟೆಯೊಳಗೆ ಮಂಡಲಿಯ ಮುಂದೆ ಹಾಜರುಪಡಿಸಬೇಕು. 2016ರ ಮಾದರಿ ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಘೋರಾಪರಾಧವಲ್ಲದ, ವಯಸ್ಕರೊಡನೆ ಕೂಡಿ ಮಾಡದ ಕೃತ್ಯಗಳಲ್ಲಿ ಪ್ರಥಮ ವರ್ತಮಾನ ವರದಿಯನ್ನು ದಾಖಲಿಸದೆ, ಠಾಣೆಯ ದಿನಚರಿಯಲ್ಲಿ ಬರೆದು, ಹುಡುಗನ ಮನೆತನ, ಶಾಲೆ, ಸಹವಾಸಗಳ ವರದಿಯನ್ನು ಸಿದ್ಧಪಡಿಸಬೇಕೆನ್ನುತ್ತವೆ. ಈ ವರದಿಯನ್ನು ಠಾಣೆಯ ಮೇಜಿನ ಮುಂದೆ ಕುಳಿತು ಬರೆಯುವುದು ಸಾಧ್ಯವೇ? ಹುಡುಗನ ಬೀದಿಯನ್ನು ಬಲ್ಲವರ ನೆರವಿಲ್ಲದೆ ಅದು ಬರಿಯ ಕಾಗದವಾಗುತ್ತದೆ.

ತ್ಯಾಮಗೊಂಡ್ಲು ಧಾನ್ಯದ ವ್ಯಾಪಾರಕ್ಕೆ ಹೆಸರಾದ ಹಳೆಯ ಪೇಟೆ. ಹಿಂದಿನ ಕಾಲದಲ್ಲಿ ಹೊಸಬನೊಬ್ಬನು ಪೇಟೆಗೆ ಬಂದರೆ ಸಂಜೆಯೊಳಗೆ ಅವನ ಊರು, ಕುಲ, ಕಸಬು ಎಲ್ಲರಿಗೂ ತಿಳಿಯುತ್ತಿತ್ತು. ಈಗ ಸಮೀಪದ ಡಾಬಸ್‌ಪೇಟೆಯಲ್ಲಿ ಕಾರ್ಖಾನೆಗಳೆದ್ದಿವೆ. ತುಮಕೂರಿನ ಹೆದ್ದಾರಿಯು ಬೆಂಗಳೂರನ್ನು ನೆಲಮಂಗಲದ ಬಾಗಿಲಿಗೇ ತಂದಿದೆ. ಹೊರರಾಜ್ಯಗಳ ಕೂಲಿಕಾರರ ಸಂಸಾರಗಳು ನೆಲಸಿವೆ. ಭೂಮಿಯ ಬೆಲೆ ಏರಿದೆ. ಕೈಗೆ ಹಣ ಬಂದ ಮನೆಯ ಮಗನೂ, ಹಣವೇ ಇಲ್ಲದ ಮನೆಯ ಮಗನೂ ಒಂದೇ ಅಂಗಡಿಯ ಮುಂದೆ ನಿಲ್ಲುತ್ತಾರೆ. ಇಂತಹ ಊರಿನಲ್ಲಿ ಯಾರ ಮಗ ಯಾರೆಂಬ ತಿಳಿವು ತಾನಾಗಿ ಹುಟ್ಟದು. ಅದನ್ನು ಪ್ರಯತ್ನದಿಂದ ಕಟ್ಟಬೇಕು.

ಕಟ್ಟಿದ ದೃಷ್ಟಾಂತಗಳು ಇಲ್ಲದಿಲ್ಲ. ಬೆಂಗಳೂರಿನಲ್ಲಿ 1980ರಲ್ಲಿ ಆರಂಭವಾದ ಬಾಸ್ಕೋ ಸಂಸ್ಥೆಯ ಸೇವಕರು ಬೀದಿಯ ಮಕ್ಕಳನ್ನು ಅವರಿರುವೆಡೆಗೇ ಹುಡುಕಿಕೊಂಡು ಹೋದರು. ಕೇರಳವು 2010ರಲ್ಲಿ ಶಾಲೆಗಳಲ್ಲಿ ವಿದ್ಯಾರ್ಥಿ ಪೋಲೀಸ್ ದಳವನ್ನು ತೊಡಗಿಸಿತು. 2018ರಲ್ಲಿ ಅದು ದೇಶಕ್ಕೆಲ್ಲ ವಿಸ್ತರಿಸಿತು. ಕರ್ನಾಟಕದ ಠಾಣೆಗಳು ‘ತೆರೆದ ಮನೆ’ ಎಂಬ ಹೆಸರಿನಿಂದ ಶಾಲಾಮಕ್ಕಳನ್ನು ಒಳಗೆ ಬರಮಾಡಿಕೊಂಡಿವೆ. ದೂರದ ಡೆನ್ಮಾರ್ಕಿನಲ್ಲಿ 1970ರ ದಶಕದಿಂದಲೂ ಶಾಲೆ, ಸಮಾಜಸೇವೆ, ಪೋಲೀಸು ಈ ಮೂರೂ ಒಂದು ಮೇಜಿನ ಸುತ್ತ ಕೂಡಿ ಕೆಲಸ ಮಾಡುವ ಪದ್ಧತಿಯುಂಟು.

ಆದರೆ ಈ ಸಖ್ಯದಲ್ಲಿ ಒಂದು ಅಪಾಯವುಂಟು. ಅದನ್ನು ಮರೆಮಾಚುವುದು ಯುಕ್ತವಲ್ಲ. ಹುಡುಗನು ನಂಬಿ ಹೇಳಿದ ಮಾತನ್ನು ಸೇವಕನು ಠಾಣೆಗೆ ಮುಟ್ಟಿಸುವ ಚಾಡಿಕೋರನಾದರೆ, ಮರುದಿನ ಒಬ್ಬ ಹುಡುಗನೂ ಅವನ ಬಳಿಗೆ ಸುಳಿಯುವುದಿಲ್ಲ. ಇನ್ನೂ ತಪ್ಪನ್ನೇ ಮಾಡದ ಬಡಹುಡುಗರ ಪಟ್ಟಿಯೊಂದು ಠಾಣೆಯ ಗೋಡೆಗೆ ಏರಿದರೆ, ತಡೆಯಬೇಕೆಂದ ಕೈಯೇ ಅವರನ್ನು ಕಳ್ಳರೆಂದು ಕರೆದಂತಾಗುತ್ತದೆ. ಆದಕಾರಣ ಎಲ್ಲೆಯು ಸ್ಪಷ್ಟವಾಗಿರಬೇಕು. ಯಾರದಾದರೂ ಪ್ರಾಣಕ್ಕೆ ಅಪಾಯವಿದ್ದರೆ, ಮಗುವಿನ ಮೇಲೆ ದೌರ್ಜನ್ಯ ನಡೆದಿದ್ದರೆ, ವಿಷಯವು ಕೂಡಲೆ ಠಾಣೆಗೆ ತಿಳಿಯಬೇಕು. ಮಕ್ಕಳ ಸಹಾಯವಾಣಿ 1098 ಇರುವುದೂ ಅದಕ್ಕಾಗಿಯೇ. ಉಳಿದ ಅಂತರಂಗದ ಮಾತು ಸೇವಕನಲ್ಲಿಯೇ ಉಳಿಯಬೇಕು. ತಪ್ಪಿಗೆ ಸಿಕ್ಕಿದ ಮಗುವಿನ ಹೆಸರನ್ನು ಪ್ರಕಟಿಸುವುದನ್ನು ಶಾಸನವೇ ದಂಡನೀಯವೆಂದಿದೆ. ಊರಿನ ನಾಲಗೆಯೂ ಆ ಶಾಸನಕ್ಕೆ ಒಳಪಡುವುದು ಲೇಸು.

ಪೋಲೀಸರ ಬಲವು ಸಲ್ಲಬೇಕಾದ ಜಾಗ ಬೇರೆಯಿದೆ. ಮಗುವಿಗೆ ಮದ್ಯ, ಮಾದಕ, ತಂಬಾಕುಗಳನ್ನು ಕೊಡುವವನಿಗೂ, ಅಂತಹ ಸರಕನ್ನು ಮಗುವಿನ ಕೈಯಲ್ಲಿ ಮಾರಿಸುವ, ಸಾಗಿಸುವ ವಯಸ್ಕನಿಗೂ ಏಳು ವರ್ಷದವರೆಗೆ ಕಠಿಣ ಸಜೆಯೂ ಒಂದು ಲಕ್ಷ ರೂಪಾಯಿವರೆಗೆ ಜುಲ್ಮಾನೆಯೂ ಉಂಟು. ಲಾಠಿಯ ಮುಖವು ಮಗುವಿನ ಕಡೆಯಿಂದ ಈ ವಯಸ್ಕನ ಕಡೆಗೆ ತಿರುಗಿದ ದಿನವೇ ಅಪರಾಧದ ಅರ್ಧ ಬೇರು ಕೀಳುತ್ತದೆ.

ಇನ್ನುಳಿದ ಅರ್ಧ ಊರಿನದು, ಮಠದ್ದು. ಇದೇ ಹೆದ್ದಾರಿಯ ಇನ್ನೊಂದು ತುದಿಯಲ್ಲಿ, ಸಿದ್ಧಗಂಗೆಯಲ್ಲಿ, 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಮಹಾಸ್ವಾಮಿಗಳು ಜಾತಿಮತಗಳನ್ನೆಣಿಸದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನಿತ್ತರು. ಆ ಮಕ್ಕಳಲ್ಲಿ ಎಷ್ಟು ಮಂದಿ ದಾರಿ ತಪ್ಪದೆ ಉಳಿದರೆಂಬುದನ್ನು ಯಾವ ಠಾಣೆಯ ದಫ್ತರವೂ ಬರೆದಿಡದು. ನಡೆಯದ ಅಪರಾಧಕ್ಕೆ ದಾಖಲೆಯಿಲ್ಲ. ಪ್ರತಿಯೊಂದು ಮಠವೂ ಅಷ್ಟು ದೊಡ್ಡದಾಗಬೇಕಾಗಿಲ್ಲ. ಸಂಜೆ ಆರರಿಂದ ಒಂಬತ್ತರವರೆಗೆ ದೀಪ ಹಚ್ಚಿದ ಒಂದು ವಾಚನಾಲಯ. ಪರೀಕ್ಷೆಯಲ್ಲಿ ನಪಾಸಾದ ಹುಡುಗನ ಮನೆಗೆ ಅದೇ ವಾರ ಹೋಗುವ ಒಬ್ಬ ಉಪಾಧ್ಯಾಯ. ಹದಿನೆಂಟು ತುಂಬಿದವನಿಗೆ ಕೆಲಸ ಕಲಿಸಲು ಒಪ್ಪುವ ಒಬ್ಬ ಕಮ್ಮಾರ ಅಥವಾ ವಿದ್ಯುತ್ ಕೆಲಸಗಾರ. ತಿಂಗಳಿಗೊಮ್ಮೆ ಸಮವಸ್ತ್ರವಿಲ್ಲದೆ ಬಂದು ಹುಡುಗರೊಡನೆ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುವ ಒಬ್ಬ ಠಾಣಾಧಿಕಾರಿ: ಇಷ್ಟು ಸಾಕು.

ಮಹೋತ್ಸವದ ಮಂಟಪವನ್ನು ಬಿಚ್ಚಿದ ಮೇಲೂ ಬಾಗಿಲು ತೆರೆದಿರುವುದೇ ಮಠದ ನಿಜವಾದ ಉತ್ಸವ. ಮೊದಲ ತಪ್ಪು ಮಾಡಿದ ಹುಡುಗನಿಗೆ ಆ ಸಂಜೆ ಲಾಕಪ್ಪಿನ ಬಾಗಿಲಲ್ಲದೆ ಇನ್ನೊಂದು ಬಾಗಿಲು ಕಾಣುವಂತಾಗಲಿ. ಠಾಣೆಯೂ ಮಠವೂ ಅದನ್ನು ಕೂಡಿಯೇ ಕಾಯುವಂತಾಗಲಿ. ಸರ್ವರಿಗೂ ಮಂಗಳವಾಗಲಿ.