ಶಾಪವಲ್ಲ, ವಂಶವಾಹಿ: ಹಂದಿಗೋಡು ಕಾಯಿಲೆಯ ಕಥೆ



ನಾನಿರುವುದು ಮೈಸೂರಿನ ಹಿನಕಲ್‌ನಲ್ಲಿ. ನಮ್ಮ ಬೀದಿಯ ಪಿ.ಯು.ಸಿ. ಹುಡುಗನೊಬ್ಬ ಈಚೆಗೆ ತಾನೇ ಬರೆದ ಕಥೆಯೊಂದನ್ನು ತಂದು ತೋರಿಸಿದ. ಅದು ದೂರದರ್ಶನದಲ್ಲಿ ನಾಟಕವಾಗಬಹುದೇ ಎಂದು ತಿಳಿಯುವ ಆಸೆ ಅವನಿಗೆ. ಕಥೆ ನಡೆಯುವುದು ಒಂದು ಕಲ್ಪನೆಯ ರಾಜ್ಯದಲ್ಲಿ. ಅಲ್ಲಿ ಒಂದು ವಂಶದವರಿಗೆ ಮಾತ್ರ ವಿಚಿತ್ರ ರೋಗ. ಓಡಾಡಿಕೊಂಡಿದ್ದವರ ಸೊಂಟ ಹಿಡಿಯುತ್ತದೆ, ಕಾಲು ಸೋಲುತ್ತದೆ, ಕೊನೆಗೆ ತೆವಳಬೇಕಾಗುತ್ತದೆ. ಋಷಿಯ ಶಾಪವೇ ಕಾರಣ. ಏಳು ಸಮುದ್ರದಾಚೆಯ ಹೂವೇ ಮದ್ದು.

"ಶಾಪ ಇಡೀ ವಂಶಕ್ಕೆ ತಟ್ಟಿದ್ದರೆ, ಅಣ್ಣನಿಗೆ ಬಂದ ರೋಗ ತಮ್ಮನಿಗೆ ಏಕೆ ಬರಲಿಲ್ಲ?" ಎಂದು ಕೇಳಿದೆ.

"ಅದನ್ನ ಯೋಚನೆ ಮಾಡಲಿಲ್ಲ ಅಂಕಲ್, ಕಥೆಗೆ ಹಾಗೆ ಬೇಕಿತ್ತು" ಎಂದ.

ಆಗ ಅವನಿಗೆ ಹೇಳಿದ್ದನ್ನೇ ಇಂದು ನಿಮಗೂ ಹೇಳುತ್ತೇನೆ. ಇದಕ್ಕೆ ಬಹಳ ಹತ್ತಿರವಾದ ಕಾಯಿಲೆಯೊಂದು ನಮ್ಮ ರಾಜ್ಯದಲ್ಲೇ ಇದೆ.

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿ ಹಂದಿಗೋಡು ಎಂಬ ಊರಿದೆ. 1975ರ ಸುಮಾರಿಗೆ ಅಲ್ಲಿಯ ಕೆಲವು ದಲಿತ ಕುಟುಂಬಗಳಲ್ಲಿ ಸೊಂಟ ಮತ್ತು ಮಂಡಿಯ ಕೀಲುಗಳ ತೀವ್ರ ನೋವು ಹೊರಜಗತ್ತಿನ ಗಮನಕ್ಕೆ ಬಂತು. ಕೆಲವರು ನಡೆಯಲಾರದೆ ಹೋದರು. ಕೆಲವರ ಬೆಳವಣಿಗೆ ಕುಂಠಿತವಾಗಿ ಕುಳ್ಳಾಗಿಯೇ ಉಳಿದರು. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡಿ ಬದುಕುವ ಕೂಲಿಕಾರರಿಗೆ ಸೊಂಟವೇ ಹೋದರೆ ಉಳಿಯುವುದೇನು? ಮಲೆನಾಡಿನ ಇತರ ಹಳ್ಳಿಗಳಲ್ಲಿಯೂ ಈ ಕಾಯಿಲೆ ಕಂಡಿತು. ಆದರೆ ಮೊದಲು ಗುರುತಿಸಿದ ಊರಿನ ಹೆಸರೇ ಅದಕ್ಕೆ ನಿಂತಿತು.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆಯ ವಿಜ್ಞಾನಿಗಳಾದ ಕೃಷ್ಣಮಾಚಾರಿ ಮತ್ತು ಭಟ್ ಇದನ್ನು ಅಭ್ಯಸಿಸಿ, 1977ರಲ್ಲಿ 'ಮಲೆನಾಡಿನ ಕೌಟುಂಬಿಕ ಸಂಧಿವಾತ' ಎಂಬ ಅರ್ಥದ ಹೆಸರಿನಲ್ಲಿ ವರದಿ ಮಾಡಿದರು. ಆ ಕಾಲದಲ್ಲಿ ಗದ್ದೆಗಳಿಗೆ ಕೀಟನಾಶಕ ಬಂದಿತ್ತು. ಬಡವರು ಅದೇ ಗದ್ದೆಯ ಏಡಿ, ಮೀನು ಹಿಡಿದು ತಿನ್ನುತ್ತಿದ್ದರು. ಸಹಜವಾಗಿಯೇ ಅನುಮಾನ ಏಡಿಯ ಮೇಲೆ ಬಿತ್ತು. ಅದು ದಡ್ಡತನದ ಊಹೆಯಲ್ಲ. ಆದರೆ ಊಹೆ ಎಷ್ಟೇ ಚೆನ್ನಾಗಿದ್ದರೂ ಪರೀಕ್ಷೆಗೆ ನಿಲ್ಲಬೇಕು.

ಇಲ್ಲಿ ಒಂದು ತೊಡಕು ಗಮನಿಸಿ. ಒಂದೇ ಮನೆಯವರಿಗೆ ಬಂದ ಮಾತ್ರಕ್ಕೆ ರೋಗ ವಂಶದ್ದು ಎನ್ನಲಾಗದು. ಮನೆಯವರೆಲ್ಲ ಒಂದೇ ರಕ್ತ ಹಂಚಿಕೊಂಡಿರುತ್ತಾರೆ, ನಿಜ. ಆದರೆ ಒಂದೇ ಮಡಕೆಯ ಊಟವನ್ನೂ ಹಂಚಿಕೊಂಡಿರುತ್ತಾರೆ. ಕಾರಣ ರಕ್ತವೋ, ಮಡಕೆಯೋ? ಇದನ್ನು ಬಿಡಿಸಲು ವಿಜ್ಞಾನಿಗಳು ವಂಶಾವಳಿ ಬರೆಯುತ್ತಾರೆ. ಅಜ್ಜನಿಂದ ಮೊಮ್ಮಗಳವರೆಗೆ ಯಾರಿಗೆ ಬಂತು, ಯಾರಿಗೆ ಬರಲಿಲ್ಲ ಎಂದು ಗುರುತು ಹಾಕುತ್ತಾರೆ. ಜೊತೆಗೆ ಕ್ಷ-ಕಿರಣ ಚಿತ್ರಗಳಲ್ಲಿ ಮೂಳೆಗಳನ್ನು ನೋಡುತ್ತಾರೆ.

1994ರಲ್ಲಿ ಲಕ್ನೋದ ಸಂಜಯ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಎಸ್. ಎಸ್. ಅಗರವಾಲ್ ಮತ್ತು ಸಂಗಡಿಗರು ಅಂಥ ಅಧ್ಯಯನವನ್ನು ಪ್ರಕಟಿಸಿದರು. ಬೆನ್ನುಮೂಳೆ ಮತ್ತು ಉದ್ದ ಮೂಳೆಗಳ ಬೆಳೆಯುವ ತುದಿಗಳಲ್ಲೇ ದೋಷವಿತ್ತು. ಅದು ಪೀಳಿಗೆಯಿಂದ ಪೀಳಿಗೆಗೆ ಪ್ರಬಲ ಲಕ್ಷಣವಾಗಿ ಇಳಿಯುವ ಅನುವಂಶೀಯ ಕಾಯಿಲೆ ಎಂದು ಅವರು ಹೇಳಿದರು.

ಪ್ರಬಲ ಎಂದರೇನು? ಬಹುಪಾಲು ವಂಶವಾಹಿಗಳು ನಮ್ಮಲ್ಲಿ ಜೋಡಿಯಾಗಿರುತ್ತವೆ: ತಂದೆಯಿಂದ ಒಂದು, ತಾಯಿಯಿಂದ ಒಂದು. ಪ್ರಬಲ ಕಾಯಿಲೆಯಲ್ಲಿ ಜೋಡಿಯ ಒಂದು ಕೆಟ್ಟರೂ ಸಾಕು. ತಂದೆ ತಾಯಿಯರಲ್ಲಿ ಒಬ್ಬರ ಜೋಡಿಯಲ್ಲಿ ಒಂದು ದೋಷಪೂರ್ಣವಾಗಿದ್ದರೆ, ಮಗುವಿಗೆ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ.

ಒಂದು ನಾಣ್ಯ ತೆಗೆದುಕೊಂಡು ನೀವೇ ನೋಡಿ. ರಾಜಮುದ್ರೆ ಬಿದ್ದರೆ ಕಾಯಿಲೆ, ಅಂಕಿ ಬಿದ್ದರೆ ಆರೋಗ್ಯ. ನಾಲ್ಕು ಮಕ್ಕಳ ಮನೆಗೆಂದು ನಾಲ್ಕು ಸಲ ಚಿಮ್ಮಿ ಬರೆದುಕೊಳ್ಳಿ. ಹೀಗೆ ಹತ್ತು ಮನೆ ಮಾಡಿ. ಕೆಲವು ಮನೆಗಳಲ್ಲಿ ಇಬ್ಬರು, ಕೆಲವದರಲ್ಲಿ ಮೂವರು, ಎಲ್ಲೋ ಒಂದರಲ್ಲಿ ಯಾರೂ ಇಲ್ಲ ಎಂದು ಬಂದೀತು. ಅಣ್ಣನಿಗೆ ಬಂದದ್ದು ತಮ್ಮನಿಗೆ ಬಾರದಿರುವ ಗುಟ್ಟು ಇದೇ. ನಾಣ್ಯಕ್ಕೆ ಯಾರ ಮೇಲೂ ಸಿಟ್ಟಿಲ್ಲ. ಹಿಂದೆ ಏನು ಬಿತ್ತೆಂಬ ನೆನಪೂ ಇಲ್ಲ.

ಇದರಿಂದ ನಮಗೆ ಎರಡು ಮಾತು ಸ್ಪಷ್ಟವಾಗಬೇಕು. ಮೊದಲನೆಯದು, ಇದು ಮುಟ್ಟಿದರೆ ಅಂಟುವ ರೋಗವಲ್ಲ. ಯಾರದೋ ಪಾಪದ ಫಲವೂ ಅಲ್ಲ. ಊರಿನ ಹೆಸರು ಕೇಳಿದೊಡನೆ ಅಲ್ಲಿಯ ಹೆಣ್ಣು ಬೇಡ, ಗಂಡು ಬೇಡ ಎನ್ನುವುದು ಅಜ್ಞಾನ. ಎರಡನೆಯದು, ವಂಶದಿಂದ ಬಂದದ್ದು ಎಂದೊಡನೆ ಕೈಚೆಲ್ಲಿ ಕೂರಬೇಕಾಗಿಲ್ಲ. ನೋವನ್ನು ಕಡಿಮೆ ಮಾಡಬಹುದು. ಸವೆದ ಸೊಂಟದ ಕೀಲನ್ನು ಶಸ್ತ್ರಚಿಕಿತ್ಸೆಯಿಂದ ಬದಲಿಸಬಹುದು. ಮದುವೆಗೆ, ಮಕ್ಕಳಿಗೆ ಮುಂಚೆ ತಜ್ಞರ ಸಲಹೆ ಪಡೆಯಬಹುದು. ಕುಳಿತು ಮಾಡುವ ಕೆಲಸ, ಪಿಂಚಣಿ, ಮಕ್ಕಳಿಗೆ ಶಾಲೆ ಇವನ್ನು ಕೊಡುವುದು ಸಮಾಜದ ಕೈಯಲ್ಲಿದೆ. ಮೂಳೆಯ ದೋಷ ವಂಶದಿಂದ ಬಂದದ್ದಿರಬಹುದು, ಬಡತನ ಹಾಗಲ್ಲ.

ಹುಡುಗ ತನ್ನ ಕಥೆಯನ್ನು ತಿದ್ದುತ್ತಿದ್ದಾನೆ. "ಹೂವು ಬೇಡ ಅಂದರೆ ನನ್ನ ನಾಯಕ ಏನು ಮಾಡಬೇಕು ಅಂಕಲ್?" ಎಂದು ಮೊನ್ನೆ ಕೇಳಿದ. ಒಂದು ಹಾಳೆ, ಪೆನ್ಸಿಲು ಹಿಡಿದು ಮನೆಮನೆಗೆ ಹೋಗಲಿ, ಅಜ್ಜಿಯರನ್ನು ಮಾತನಾಡಿಸಲಿ, ಅವರು ಹೇಳಿದ್ದನ್ನು ಬರೆದುಕೊಳ್ಳಲಿ ಎಂದೆ.