ವಿದ್ಯೆಯ ನಡುದಾರಿಯಲ್ಲಿ
(ಭಕ್ತಸಭೆಯಲ್ಲಿ ಮಾಡಿದ ಉಪನ್ಯಾಸ)



ಅನ್ನದಾನದೊಡನೆ ವಿದ್ಯಾದಾನವು ಮಠಗಳ ಪುರಾತನ ಧರ್ಮವಾಗಿರುವುದಷ್ಟೆ. ಅಕ್ಷರವನ್ನು ಕಲಿಸಿದ ಮಠಕ್ಕೆ, ಕಲಿಯುವ ಮಗುವಿನ ಮನಸ್ಸು ನಡುದಾರಿಯಲ್ಲಿ ತೊಳಲಿದಾಗ ಕೈಹಿಡಿದು ನಡೆಸುವ ಹೊಣೆಯೂ ಉಂಟು. ಡಿಪ್ಲೊಮಾ ವ್ಯಾಸಂಗಕ್ಕೆ ಸೇರಿ ಒಂದೆರಡು ವರ್ಷ ಕಳೆದ ಮೇಲೆ, ಹಿಡಿದ ವಿಷಯವು ತಮಗೆ ಒಗ್ಗದೆಂದು ಬೇರೊಂದು ವಿಷಯಕ್ಕೆ ಹೋಗಬಯಸುವ ತರುಣರು ಇಂದು ಊರೂರಿನಲ್ಲಿಯೂ ಇರುವರು. ಇದನ್ನು ಚಪಲವೆಂದು ಗದರಿಸುವುದು ಸುಲಭ. ವಿವೇಚಿಸಿ ನೋಡುವುದು ಹಿರಿಯರ ಕರ್ತವ್ಯ.

ಇದಕ್ಕೊಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳಬಹುದು. ಶಿವಮೊಗ್ಗೆಯಿಂದ ಸಾಗರಕ್ಕೆ ಹೋಗುವ ಮಾರ್ಗದಲ್ಲಿ, ಸಿಂಹ ಹುಲಿಗಳ ವನಧಾಮದಿಂದ ಹೆಸರಾದ ತ್ಯಾವರೆಕೊಪ್ಪದಲ್ಲಿ ಒಬ್ಬ ಒಕ್ಕಲಮಗನಿದ್ದನು. ಮಗನನ್ನು ಮೂರು ವರ್ಷಗಳ ಮೆಕ್ಯಾನಿಕಲ್ ಡಿಪ್ಲೊಮಾಕ್ಕೆ ಸೇರಿಸಲು ಮನೆಯಾಕೆಯ ಬಳೆಗಳನ್ನು ಅಡವಿಟ್ಟಿದ್ದನು. ಮಗನು ದಿನವೂ ಬಸ್ಸಿನಲ್ಲಿ ಪಟ್ಟಣಕ್ಕೆ ಹೋಗಿ ಬರುತ್ತಿದ್ದನು. ಎರಡನೆಯ ವರ್ಷದ ನಡುವೆ ಒಂದು ದಿನ, "ಅಪ್ಪಾ, ಇದು ನನ್ನಿಂದಾಗದು. ಕಂಪ್ಯೂಟರ್ ವಿಷಯಕ್ಕೆ ಹೋಗುವೆನು" ಎಂದನು. ತಂದೆಯು ಮಾತಾಡಲಿಲ್ಲ. ಅಂದು ರಾತ್ರಿ ಊಟವನ್ನೂ ಮಾಡಲಿಲ್ಲ. ಮರುದಿನ ಮಗನನ್ನು ಕರೆದುಕೊಂಡು ಮಠಕ್ಕೆ ಬಂದನು.

ಸ್ವಾಮಿಗಳು ಹುಡುಗನನ್ನು ಕುಳ್ಳಿರಿಸಿಕೊಂಡು, "ತಮ್ಮಾ, ನೀನು ಯಾವುದನ್ನೋ ಅರಸಿಕೊಂಡು ಹೋಗುತ್ತಿರುವೆಯೋ, ಯಾವುದಕ್ಕೋ ಹೆದರಿ ಓಡುತ್ತಿರುವೆಯೋ?" ಎಂದು ಕೇಳಿದರು. ಹುಡುಗನು ಬಹಳ ಹೊತ್ತು ತಲೆತಗ್ಗಿಸಿದ್ದು, "ಬುದ್ಧಿ, ಗಣಿತದಲ್ಲಿ ಎರಡು ಸಾರಿ ನಪಾಸಾದೆನು. ಮನೆಯಲ್ಲಿ ಹೇಳಿಲ್ಲ" ಎಂದನು. "ಕಂಪ್ಯೂಟರಿಗೆ ಗಣಿತ ಬೇಡವೋ?" ಎಂಬುದು ಎರಡನೆಯ ಪ್ರಶ್ನೆ. ಹುಡುಗನು ಅದನ್ನು ವಿಚಾರಿಸಿಯೇ ಇರಲಿಲ್ಲ. ಗೆಳೆಯನೊಬ್ಬನು ಬೆಂಗಳೂರಿನಲ್ಲಿ ಸಂಬಳ ತರುವನೆಂಬುದಷ್ಟೇ ಅವನಿಗೆ ತಿಳಿದಿತ್ತು. "ಹೋಗಲಿ, ಯಾರೂ ಹೇಳದೆ ನಿನ್ನ ಕೈ ತಾನಾಗಿ ಮಾಡುವ ಕೆಲಸ ಯಾವುದು?" ಎಂದು ಮೂರನೆಯ ಸಲ ಕೇಳಿದಾಗ, ಉತ್ತರವು ತಂದೆಯಿಂದ ಬಂದಿತು: "ಬುದ್ಧಿ, ಕೇರಿಯಲ್ಲಿ ಯಾರ ಪಂಪಿನ ಮೋಟಾರು ಕೆಟ್ಟರೂ ಇವನನ್ನೇ ಕರೆಯುವರು."

ಆಗ ಸ್ವಾಮಿಗಳು, "ಮೊದಲು ಗಣಿತದಲ್ಲಿ ತೇರ್ಗಡೆಯಾಗು. ಸೋತು ಬಿಡಬೇಡ, ಗೆದ್ದು ಬಿಡು. ಗೆದ್ದ ಮೇಲೆಯೂ ಬಿಡಬೇಕೆನಿಸಿದರೆ ಅದು ನಿಜವಾದ ಮನಸ್ಸು" ಎಂದರು. ಹುಡುಗನು ಆರು ತಿಂಗಳು ದುಡಿದು ತೇರ್ಗಡೆಯಾದನು. ಕಂಪ್ಯೂಟರಿನ ಹಂಬಲವು ಅಷ್ಟರಲ್ಲಿ ತಾನಾಗಿ ಇಳಿದುಹೋಗಿತ್ತು. ಎಲೆಕ್ಟ್ರಿಕಲ್ ವಿಷಯದ ಆಸೆ ಮಾತ್ರ ಉಳಿದಿತ್ತು. ಒಂದು ವರ್ಷದ ನಷ್ಟವನ್ನು ತಂದೆಗೆ ಬಾಯಿಬಿಟ್ಟು ಹೇಳಿ, ಆತನ ಒಪ್ಪಿಗೆ ಪಡೆದು ವಿಷಯವನ್ನು ಬದಲಾಯಿಸಿದನು. ಬಳೆಗಳು ಇನ್ನೊಂದು ವರ್ಷ ಅಡವಿನಲ್ಲಿಯೇ ಉಳಿದವು. ಆದರೆ ಮನೆಯಲ್ಲಿ ಮುಚ್ಚುಮರೆ ಉಳಿಯಲಿಲ್ಲ.

ಬದಲಾವಣೆಯು ದೋಷವಲ್ಲವೆಂಬುದಕ್ಕೆ ಈ ನಾಡಿನಲ್ಲಿಯೇ ಸಾಕ್ಷಿಗಳುಂಟು. ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ಮೇಲೆಯೇ ಪುಣೆಗೆ ಹೋಗಿ ಇಂಜಿನಿಯರಿಂಗ್ ಕಲಿತರು. ಮೊದಲು ಕಲಿತುದನ್ನು ಪೂರೈಸಿ ಹೊರಟುದರಿಂದ ಅದು ವ್ಯರ್ಥವಾಗಲಿಲ್ಲ. ತೀರ್ಥಹಳ್ಳಿಯ ಸೀಮೆಯ ಕುವೆಂಪು ಅವರು ಮೊದಲು ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದವರು; ೧೯೨೪ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸರು ತಾಯ್ನುಡಿಯಲ್ಲಿ ಬರೆಯುವಂತೆ ಹೇಳಿದ ಮೇಲೆ ಕನ್ನಡದತ್ತ ತಿರುಗಿದರು. ಬಿ.ಎ.ಯಲ್ಲಿ ತತ್ತ್ವಶಾಸ್ತ್ರವನ್ನು ಓದಿ, ೧೯೨೯ರಲ್ಲಿ ಕನ್ನಡದಲ್ಲಿ ಎಂ.ಎ. ಪದವಿ ಪಡೆದರು. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು ಸೆಂಟ್ರಲ್ ಕಾಲೇಜಿನಲ್ಲಿ ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ, ೧೯೩೦ರಲ್ಲಿ, ಶ್ರೀ ಉದ್ದಾನ ಶಿವಯೋಗಿಗಳ ಉತ್ತರಾಧಿಕಾರಿಯಾಗಿ ಆಯ್ಕೆಯಾದರು. ಅವರ ದಾರಿಯನ್ನು ತಿರುಗಿಸಿದುದು ಕಷ್ಟದ ಭಯವಲ್ಲ, ಮತ್ತೂ ಕಷ್ಟವಾದ ಸೇವೆಯ ಕರೆ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯೂ ಇದನ್ನೇ ಕಲಿಸುತ್ತದೆ. ೧೯೨೩ರಲ್ಲಿ ಕಾರ್ಯಾರಂಭವಾದಾಗ ಅಲ್ಲಿ ಕಾಡಿನ ಸೌದೆಯ ಇದ್ದಿಲಿನಿಂದ ಅದಿರನ್ನು ಕರಗಿಸುತ್ತಿದ್ದರು. ಜೋಗದ ವಿದ್ಯುತ್ತು ೧೯೪೮ರಲ್ಲಿ ದೊರೆಯತೊಡಗಿದ ತರುವಾಯ, ೧೯೫೨ರಲ್ಲಿ ವಿದ್ಯುತ್ ಕುಲುಮೆಗಳು ಬಂದವು. ಅದಿರು ಅದೇ, ಬೆಂಕಿ ಬೇರೆ. ವಿದ್ಯಾರ್ಥಿಯು ವಿಷಯವನ್ನು ಬದಲಿಸಿದರೂ ಅವನ ಶ್ರದ್ಧೆಯೆಂಬ ಅದಿರು ಬದಲಾಗುವುದಿಲ್ಲ. ಅದೇ ಇಲ್ಲದವನಿಗೆ ಯಾವ ಕುಲುಮೆಯೂ ಕಬ್ಬಿಣವನ್ನು ಕೊಡದು. ಅದೇ ಊರಿನಲ್ಲಿ ೧೯೩೬ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯ ಉತ್ಪಾದನೆಯು ೨೦೧೫ರಲ್ಲಿ ನಿಂತುಹೋಯಿತು. ಊರಿನ ಒಂದು ಕಾರ್ಖಾನೆಯನ್ನೋ ಗೆಳೆಯನ ಒಂದು ಸಂಬಳವನ್ನೋ ನೋಡಿ ವಿಷಯವನ್ನು ಆರಿಸತಕ್ಕುದಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಶರಣಧರ್ಮದಲ್ಲಿ ಕಾಯಕಗಳೊಳಗೆ ಮೇಲುಕೀಳಿಲ್ಲ. ಹಗ್ಗ ಹೊಸೆದ ನುಲಿಯ ಚಂದಯ್ಯನೂ, ದೋಣಿ ನಡೆಸಿದ ಅಂಬಿಗರ ಚೌಡಯ್ಯನೂ ಒಂದೇ ಅನುಭವಮಂಟಪದಲ್ಲಿ ಕುಳಿತವರು. ಕಾಶ್ಮೀರದ ಅರಸನಾಗಿದ್ದವನು ಕಲ್ಯಾಣಕ್ಕೆ ಬಂದು ಕಟ್ಟಿಗೆ ಮಾರಿ ಮೋಳಿಗೆಯ ಮಾರಯ್ಯನಾದನೆಂದು ಪರಂಪರೆಯು ಹೇಳುತ್ತದೆ. ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಆಯ್ದಕ್ಕಿ ಮಾರಯ್ಯನನ್ನು, ಸುರಿದು ಬರುವಂತೆ ಮಡದಿ ಲಕ್ಕಮ್ಮನು ಹಿಂದಕ್ಕೆ ಕಳುಹಿಸಿದಳು. ವಿಷಯವನ್ನು ಬದಲಿಸುವ ತರುಣನು ಆ ತಾಯಿಯ ಮುಂದೆ ನಿಂತಂತೆ ತನ್ನನ್ನು ಕೇಳಿಕೊಳ್ಳಲಿ: ಇದು ಬೇಕೆಂಬುದೋ, ಹೆಚ್ಚು ಬೇಕೆಂಬುದೋ?

ಆದುದರಿಂದ ತರುಣರು ಮಾಡತಕ್ಕುದಿಷ್ಟು. ಸೋಲನ್ನು ಮನೆಯಲ್ಲಿ ಮರೆಮಾಚಬಾರದು. ಹೊಸ ವಿಷಯವನ್ನು ಕಲಿಸುವ ಅಧ್ಯಾಪಕರನ್ನು ಕಂಡು, ಅದರ ಪಾಠಗಳನ್ನು ಕೆಲವು ದಿನ ಓದಿನೋಡಬೇಕು. ಸಂಸ್ಥೆಯ ನಿಯಮವೇನು, ಕಳೆದ ವರ್ಷದ ಯಾವ ಪರೀಕ್ಷೆಗಳು ಲೆಕ್ಕಕ್ಕೆ ಬರುವುವು, ಯಾವುದನ್ನು ಹೊಸದಾಗಿ ಬರೆಯಬೇಕು ಎಂಬುದನ್ನು ಕೇಳಿ ಬರೆದುಕೊಳ್ಳಬೇಕು. ಡಿಪ್ಲೊಮಾ ಮುಗಿಸಿದವರಿಗೆ ಇಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ದಾರಿಯೂ ಇರುವುದರಿಂದ, ಕೊನೆಯ ಘಟ್ಟಕ್ಕೆ ಬಂದವನು ಮುಗಿಸಿಯೇ ಮುಂದಿನದನ್ನು ಯೋಚಿಸುವುದು ಲೇಸು. ತಂದೆತಾಯಿಗಳು ಮಾಡತಕ್ಕುದು ಇನ್ನೂ ಕಡಿಮೆ: ಮಗನು ಮಾತಾಡುವಾಗ ಅಡವಿಟ್ಟ ಬಳೆಗಳನ್ನು ಎಣಿಸದೆ ಕೇಳಬೇಕು.

ಒಂದು ವರ್ಷವು ಸಣ್ಣ ನಷ್ಟವಲ್ಲ; ಬಡವರ ಮನೆಯಲ್ಲಿ ಅದು ದೊಡ್ಡದೇ. ಆದರೆ ಒಲ್ಲದ ಕಾಯಕದಲ್ಲಿ ಕಳೆಯುವ ಆಯುಷ್ಯವು ಅದಕ್ಕಿಂತ ದೊಡ್ಡದು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ನೋಡುವ ವಿವೇಕವನ್ನು ಗುರುಬಸವಣ್ಣನು ನಮ್ಮ ಮಕ್ಕಳಿಗೆ ಕರುಣಿಸಲಿ.